ಅಕ್ಕಿ ಅಳೆಯುವವರು ಗ್ಯಾಸನ್ನೂ ಅಳೆಯಿರಿ

ಸಂಪಾದಕರಿಗೆ ನಮಸ್ಕಾರ.

ಕಳೆದ ವಾರ ನಿಮ್ಮ ಪತ್ರಿಕೆಯಲ್ಲಿ ದೂರದ ಪಾದಯಾತ್ರೆಗೆ ಏನೇನು ಕಟ್ಟಿಕೊಳ್ಳಬೇಕು ಅಂತ ಒಂದು ಬರಹ ಬಂದಿತ್ತು. ಚಪ್ಪಲಿ, ಟಾರ್ಚು, ಕಾಲಿಗೆ ಹಚ್ಚುವ ಎಣ್ಣೆ ಎಲ್ಲಾ ಇತ್ತು. ಸಣ್ಣ ಗ್ಯಾಸ್ ಒಲೆ ಇಟ್ಟುಕೊಳ್ಳಿ ಅಂತಲೂ ಇತ್ತು. ಆ ಒಲೆಗೆ ಗ್ಯಾಸ್ ಎಷ್ಟು ಬೇಕು, ನಡುದಾರಿಯಲ್ಲಿ ಮುಗಿದರೆ ಎಲ್ಲಿ ಸಿಗುತ್ತೆ ಅನ್ನೋದು ಮಾತ್ರ ಇರಲಿಲ್ಲ.

ದಾವಣಗೆರೆಯಿಂದ ಕೊಟ್ಟೂರು ತೇರಿಗೆ ನಡೆಯುವವರಿಗೆ ಈ ಚಿಂತೆ ಇಲ್ಲ ಬಿಡಿ, ದಾರಿಯಲ್ಲಿ ಕರೆದು ಕರೆದು ಊಟ ಹಾಕುತ್ತಾರೆ. ಯುಗಾದಿ ಹೊತ್ತಿಗೆ ಶ್ರೀಶೈಲಕ್ಕೆ ಹೋಗುವವರಿಗೂ ಹಾಗೇ. ನಾವು ನಾಲ್ಕು ಜನ ಶ್ರೀಶೈಲಕ್ಕೆ ಹೊರಟಿದ್ದು ಜನವರಿಯಲ್ಲಿ. ಹರಪನಹಳ್ಳಿ, ಕೊಟ್ಟೂರು, ಕೂಡ್ಲಿಗಿ ಮೇಲೆ ಬಳ್ಳಾರಿ, ಅಲ್ಲಿಂದ ಆದೋನಿ, ಎಮ್ಮಿಗನೂರು, ಕರ್ನೂಲು. ಆ ಕಾಲದಲ್ಲಿ ದಾರಿಯಲ್ಲಿ ದಾಸೋಹ ಇರಲಿಲ್ಲ, ರಾತ್ರಿ ಅಡುಗೆ ನಮ್ಮದೇ.

230 ಗ್ರಾಂನ ಎರಡು ಗ್ಯಾಸ್ ಡಬ್ಬಿ ತಗೊಂಡೆವು. ಮನೆಯಲ್ಲಿ ಒಂದು ದಿನದ ಅನ್ನ, ಸಾರು, ಬೆಳಗಿನ ಟೀ ಮಾಡಿ, ಡಬ್ಬಿಯನ್ನು ಅಡುಗೆಮನೆ ತಕ್ಕಡಿಯಲ್ಲಿ ಮೊದಲೂ ಆಮೇಲೂ ತೂಗಿದೆ. 40 ಗ್ರಾಂ ಖರ್ಚಾಗಿತ್ತು. ಹಾಗಾದರೆ ಹನ್ನೊಂದು ದಿನಕ್ಕೆ ಸಾಕು ಅಂತ ಲೆಕ್ಕ ಹಾಕಿ ಹೆಮ್ಮೆಪಟ್ಟೆ. ಮನೆಯೊಳಗೆ ಗಾಳಿ ಇರಲ್ಲ ಅನ್ನೋದು ತಲೆಗೇ ಹೊಳೆಯಲಿಲ್ಲ! ಎರೆಹೊಲದ ಬಯಲಲ್ಲಿ ಉರಿ ಪಾತ್ರೆಗೆ ತಾಗೋದಕ್ಕಿಂತ ಪಕ್ಕಕ್ಕೆ ಹಾರಿದ್ದೇ ಜಾಸ್ತಿ. ದಿನಕ್ಕೆ 65 ಗ್ರಾಂ ಹತ್ತಿರ ಉರಿದಿತ್ತು ಅಂತ ಗೊತ್ತಾಗಿದ್ದು ಏಳನೇ ರಾತ್ರಿ, ಬಳ್ಳಾರಿ ದಾಟಿದ ಮೇಲೆ, ಒಂದು ಶಾಲೆಯ ಜಗಲಿಯಲ್ಲಿ. ಉರಿ ಸಣ್ಣಗಾಯ್ತು, ಡಬ್ಬಿ ಅಲ್ಲಾಡಿಸಿದೆವು, ಒಂದು ಸಲ ಉಸ್ಸ್ ಅಂದು ಆರಿತು. ಅಕ್ಕಿ ಅರ್ಧ ಬೆಂದಿತ್ತು. ಪುಣ್ಯಕ್ಕೆ ಚೀಲದಲ್ಲಿ ಮಂಡಕ್ಕಿ ಇತ್ತು, ದಾವಣಗೆರೆಯವರು ಅದೊಂದು ಮರೆಯಲ್ಲ ಅಲ್ವಾ. ಹೊಟ್ಟೆ ಉರಿಸಿದ್ದು ಬೇರೆ ವಿಷಯ: ಹಿಂದಿನ ದಿನವಷ್ಟೇ ಬಳ್ಳಾರಿಯಂಥ ಊರನ್ನು, ಇನ್ನೂ ಐದು ದಿನಕ್ಕೆ ಗ್ಯಾಸ್ ಇದೆ ಅಂತ ನಂಬಿ, ಒಂದು ಅಂಗಡಿಯನ್ನೂ ವಿಚಾರಿಸದೆ ದಾಟಿ ಬಂದಿದ್ದೆವು.

ಆದೋನಿಯಲ್ಲಿ ಒಂದು ಅಂಗಡಿಯವರು ಡಬ್ಬಿ ಕೊಟ್ಟರು. ಖುಷಿಯಿಂದ ತಂದು ನೋಡಿದರೆ ಅದು ಉದ್ದ ಮೂತಿಯದು, ಟೇಬಲ್ ಮೇಲಿಡುವ ಒಲೆಗೆ ಹಾಕುವಂಥದ್ದು. ನಮ್ಮದು ತಿರುಪಿ ಕೂರಿಸುವ ಒಲೆ. ಕರ್ನೂಲಿನವರೆಗೆ ಅಕ್ಕಿ, ಬೇಳೆ, ಪಾತ್ರೆ, ಒಲೆ ಎಲ್ಲಾ ಬೆನ್ನ ಮೇಲೆ ಹೊತ್ತು ಹೋಟೆಲಲ್ಲಿ ಉಂಡೆವು. ಆತ್ಮಕೂರಿಂದಾಚೆ ನಲ್ಲಮಲ ಕಾಡು, ಹುಲಿ ಸಂರಕ್ಷಿತ ಪ್ರದೇಶ. ಅಲ್ಲಿ ಒಲೆಯ ಮಾತೇ ಬೇಡ ಅಂತ ಬಸ್ ಹತ್ತಿದೆವು.

ಅಕ್ಕಿ ಬೇಳೆ ಪ್ರತಿ ಹಳ್ಳಿಯಲ್ಲೂ ಸಿಗುತ್ತೆ, ಈ ಡಬ್ಬಿ ಸಿಗಲ್ಲ. ಆದ್ದರಿಂದ ಒಟ್ಟು ದಾರಿ ಎಷ್ಟು ದಿನ ಅಂತ ನೋಡಬೇಡಿ, ಡಬ್ಬಿ ಸಿಗುವ ಒಂದು ಊರಿಂದ ಇನ್ನೊಂದಕ್ಕೆ ಎಷ್ಟು ದಿನ ಅಂತ ನೋಡಿ, ಹೊರಡುವ ಮೊದಲೇ ಅಂಗಡಿಗೆ ಫೋನ್ ಮಾಡಿ ಮೂತಿ ಯಾವುದು ಅಂತ ಕೇಳಿ. ಗ್ಯಾಸ್ ಎಷ್ಟು ಉಳಿದಿದೆ ಅಂತ ನೋಡೋಕೆ ದಾರಿಯಲ್ಲಿ ತಕ್ಕಡಿ ಬೇಡ. ತುಂಬಿದ ಡಬ್ಬಿಯನ್ನು ಬಕೆಟ್ ನೀರಲ್ಲಿ ತೇಲಿಬಿಟ್ಟು ನೀರು ಮುಟ್ಟಿದ ಕಡೆ ಗೆರೆ ಎಳೆಯಿರಿ, ಅಂಥದ್ದೇ ಖಾಲಿ ಡಬ್ಬಿ ತೇಲಿಸಿ ಇನ್ನೊಂದು ಗೆರೆ ಎಳೆಯಿರಿ. ಮಧ್ಯದ್ದು ಕಣ್ಣಳತೆ. ಬೇಳೆ ಮಧ್ಯಾಹ್ನವೇ ನೆನೆಹಾಕಿ, ಪಾತ್ರೆಗೆ ಮುಚ್ಚಳ ಹಾಕೋದು ಮರೆಯಬೇಡಿ. ಗಾಳಿಗೆ ಮರೆ ಬೇಕು, ಆದರೆ ಸುತ್ತಲೂ ತಗಡು ಮುಚ್ಚಬೇಡಿ. ಒಲೆಯ ಕೆಳಗೇ ಡಬ್ಬಿ ಇರುತ್ತೆ, ಅದು ಕಾದರೆ ಸಿಡಿಯುತ್ತೆ.

ಇನ್ನೊಂದು, ಇದು ಸ್ವಲ್ಪ ಗಂಭೀರ. ಹಿಮಾಲಯದ ಚಾರಣಕ್ಕೆ ರೈಲಲ್ಲಿ ಹೋಗುವ ಹುಡುಗರು ಇಲ್ಲಿಂದಲೇ ಬ್ಯಾಗಲ್ಲಿ ಡಬ್ಬಿ ತುರುಕಿಕೊಂಡು ಹೋಗೋದನ್ನು ಕಂಡಿದ್ದೇನೆ. 1989ರ ರೈಲ್ವೆ ಕಾಯ್ದೆಯ 164ನೇ ಸೆಕ್ಷನ್ ಪ್ರಕಾರ ಅದಕ್ಕೆ ಮೂರು ವರ್ಷದವರೆಗೆ ಜೈಲಾಗಬಹುದು. 2023ರ ಆಗಸ್ಟ್‌ನಲ್ಲಿ ಮಧುರೈಯಲ್ಲಿ ಯಾತ್ರಿಕರ ಬೋಗಿಗೆ ಬೆಂಕಿ ಬಿದ್ದು ಒಂಬತ್ತು ಜನ ಸತ್ತದ್ದು ಒಳಗೆ ಕದ್ದು ತಂದಿದ್ದ ಸಿಲಿಂಡರಿಂದ. ವಿಮಾನದಲ್ಲೂ ಬಿಡಲ್ಲ, ಅಂಚೆಯಲ್ಲೂ ಕಳಿಸೋ ಹಾಗಿಲ್ಲ. ಇಳಿದ ಊರಲ್ಲೇ ಕೊಳ್ಳಬೇಕು. ಅಲ್ಲಿ ಚಳಿ ಶೂನ್ಯಕ್ಕಿಳಿದರೆ ಬರೀ ಬ್ಯೂಟೇನ್ ಅನ್ನೋ ಗ್ಯಾಸ್ ತುಂಬಿದ ಡಬ್ಬಿ ಉರಿಯೋದೇ ಇಲ್ಲ, ಚಳಿಯಲ್ಲೂ ಉರಿಯುವ ಪ್ರೊಪೇನ್ ಗ್ಯಾಸ್ ಬೆರೆಸಿದ್ದು ಕೇಳಿ.

ನಮ್ಮೂರಲ್ಲಿ ಚಾರಣದ ಚೀಲ, ಒಲೆ ಮಾರುವ ಅಂಗಡಿಗಳಿಗೆ ಒಂದೇ ಕೋರಿಕೆ. ಈ ಒಲೆಗೆ ಯಾವ ಮೂತಿಯ ಡಬ್ಬಿ ಅಂತ ಕನ್ನಡದಲ್ಲಿ ಒಂದು ಚೀಟಿ ಅಂಟಿಸಿ ಕೊಡಿ. ಆದೋನಿಯಲ್ಲಿ ತಂದ ಆ ಉದ್ದ ಮೂತಿಯ ಡಬ್ಬಿ ಕರ್ನೂಲಲ್ಲಿ ಒಬ್ಬ ಟೀ ಅಂಗಡಿಯವರ ಪಾಲಾಯ್ತು, ಅವರ ಹತ್ತಿರ ಅದಕ್ಕೆ ಹೊಂದುವ ಒಲೆ ಇತ್ತು.

ಇತಿ,
ಅರ್ಧ ಬೆಂದ ಅನ್ನದ ಪಾದಯಾತ್ರಿ, ದಾವಣಗೆರೆ