ನೋಟಿಸ್ ಬಂದ ರಾತ್ರಿಯೇ ಉತ್ತರ ಬರೆಯಬೇಡ ಮಾರಾಯ

ಪ್ರೀತಿಯ ಗೆಳೆಯ,

ನಿನ್ನೆ ರಾತ್ರಿ ನೀನು ಫೋನಿನಲ್ಲಿ ಒಂದೇ ಉಸಿರಿಗೆ ಮಾತಾಡಿದ್ದರಲ್ಲಿ ಅರ್ಧ ನನಗೆ ಕೇಳಿಸಲೇ ಇಲ್ಲ. ಇಲ್ಲಿ ಶಿವಮೊಗ್ಗದಲ್ಲಿ ಜೋರು ಮಳೆ, ನಿನ್ನ ಕಡೆ ನೆಟ್‌ವರ್ಕ್ ಇಲ್ಲ. ಅರ್ಥವಾದದ್ದು ಇಷ್ಟು. ವಕೀಲರ ಮೇಲಿನ ದೂರು ವಿಚಾರಿಸುವ ಬಾರ್ ಕೌನ್ಸಿಲ್‌ನಿಂದ ರಿಜಿಸ್ಟರ್ ಪೋಸ್ಟ್ ಬಂದಿದೆ. ನಿನ್ನ ಹಳೇ ಪಾರ್ಟಿ, ಅಂದರೆ ನೀನು ಕೇಸು ನಡೆಸಿಕೊಟ್ಟ ಕಕ್ಷಿದಾರರು, ದೂರು ಕೊಟ್ಟಿದ್ದಾರೆ: ಫೋನ್ ತೆಗೆಯಲಿಲ್ಲ, ದುಡ್ಡಿನ ಲೆಕ್ಕ ಕೊಡಲಿಲ್ಲ, ಫೈಲ್ ವಾಪಸ್ ಕೊಡಲಿಲ್ಲ ಅಂತ. ನೀನು ಬೆಳಗಾಗುವುದರೊಳಗೆ ಉತ್ತರ ಬರೆದು ಮುಖಕ್ಕೆ ಎಸೆಯುತ್ತೀಯಂತೆ. ಬೇಡ. (ಹೆಸರು, ಊರು ತೆಗೆದು ಇದನ್ನು ನಾಲ್ಕು ಜನ ಓದುವ ಹಾಗೆ ಹಾಕುತ್ತಿದ್ದೇನೆ. ಒಪ್ಪಿದವನು ನೀನೇ, ಆಮೇಲೆ ಬೈಯಬೇಡ.)

ನನಗೂ ಒಂದು ಸಲ ಬಂದಿತ್ತು, ನಿನಗೆ ಹೇಳಿರಲಿಲ್ಲ. ತೋಟದ ಪಾಲಿನ ದಾವೆ. ವಾಯಿದೆಯ ದಿನ ನಾನು ಬೇರೆ ಕೋರ್ಟಿನಲ್ಲಿದ್ದೆ, ಜೂನಿಯರ್ ಹೋಗಲಿಲ್ಲ, ದಾವೆ ವಜಾ ಆಯಿತು. 30 ದಿನದೊಳಗೆ ಅರ್ಜಿ ಹಾಕಿ ಅದನ್ನು ಮತ್ತೆ ಫೈಲಿಗೆ ತಂದೆ. ಸರಿಯಾಯ್ತಲ್ಲ, ಸುಮ್ನೆ ಯಾಕೆ ಹೇಳಿ ಗಾಬರಿ ಮಾಡೋದು ಅಂದುಕೊಂಡು ಪಾರ್ಟಿಗೆ ತಿಳಿಸಲೇ ಇಲ್ಲ. ಅವರಿಗೆ ಅದು ಗೊತ್ತಾಗಿದ್ದು ಎದುರು ಪಾರ್ಟಿಯ ಬಾಯಿಂದ, ಅಡಿಕೆ ಸುಲಿಯುವ ಅಂಗಳದಲ್ಲಿ, ಹತ್ತು ಜನರ ಮುಂದೆ. ವರ್ಷವರ್ಷ ಅಪ್ಪೆಮಿಡಿ ಉಪ್ಪಿನಕಾಯಿ ತಂದುಕೊಡುತ್ತಿದ್ದ ಮನುಷ್ಯ ಆ ವರ್ಷ ದೂರು ಬರೆದರು.

ಒಂದೇ ರಾತ್ರಿಯಲ್ಲಿ ಆರು ಪುಟ ಉತ್ತರ ಬರೆದೆ. ಅವರು ಎಂಥ ಜಗಳಗಂಟ, ಎಷ್ಟು ಫೀಸ್ ಬಾಕಿ, ಎಲ್ಲಾ. ಅವರು ನನ್ನನ್ನು ನಂಬಿ ಹೇಳಿದ್ದ ಮನೆಯ ಒಂದು ಗುಟ್ಟನ್ನೂ (ಈಗಲೂ ಹೇಳುವುದಿಲ್ಲ) ಸೇರಿಸಿದೆ. ನಮ್ಮ ಸೀನಿಯರ್ ಬಾಯಲ್ಲಿ ಕವಳ ಹಾಕಿಕೊಂಡೇ ಓದಿದರು, ಕೆಂಪು ಪೆನ್ನು ತೆಗೆದು ನಾಲ್ಕೂವರೆ ಪುಟಕ್ಕೆ ಅಡ್ಡಗೀಟು ಎಳೆದರು. ಹೊರಗೆ ಹೋಗಿ ಉಗಿದು ಬಂದು, "ಇದನ್ನು ಕಳಿಸಿದರೆ ಅವನ ಮೊದಲನೇ ದೂರು ಬಿದ್ದುಹೋಗಬಹುದು, ಎರಡನೇದು ಗ್ಯಾರಂಟಿ ಗೆಲ್ಲುತ್ತೆ" ಅಂದರು.

ಪಾರ್ಟಿ ನಂಬಿ ಹೇಳಿದ್ದನ್ನು ಅವರ ಒಪ್ಪಿಗೆ ಇಲ್ಲದೆ ಬಿಟ್ಟುಕೊಡುವ ಹಾಗಿಲ್ಲ, ಕೇಸು ಮುಗಿದ ಮೇಲೂ ಇಲ್ಲ. ಹಿಂದೆ ಎವಿಡೆನ್ಸ್ ಆ್ಯಕ್ಟಿನ 126ನೇ ಕಲಂ, ಈಗ 2023ರ ಸಾಕ್ಷ್ಯ ಅಧಿನಿಯಮದ 132. ಅವರು ದೂರು ಕೊಟ್ಟರು ಅಂತ ಅವರ ಮನೆಯ ಕಥೆಯೆಲ್ಲ ಬಯಲಿಗೆ ಹಾಕಲು ನಿನಗೆ ಪರವಾನಗಿ ಸಿಗುವುದಿಲ್ಲ. ಆಪಾದನೆಗೆ ಎಷ್ಟು ಬೇಕೋ ಅಷ್ಟೇ ಬರೆ.

ಬರೆಯುವ ಮೊದಲು ಫೈಲ್ ಬಿಚ್ಚು. ವಕಾಲತ್ತು, ಆರ್ಡರ್ ಶೀಟ್ ನಕಲು, ನಿನ್ನ ಡೈರಿ, ವಾಟ್ಸಾಪ್ ಮೆಸೇಜು, ತಾರೀಖಿನ ಪ್ರಕಾರ ಜೋಡಿಸು. ಹೀಗೆ ಜೋಡಿಸುವಾಗಲೇ ನನ್ನ ಸಿಟ್ಟು ಅರ್ಧ ಇಳಿದಿತ್ತು, ಯಾಕೆಂದರೆ ನಾಲ್ಕು ತಿಂಗಳು ಅವರಿಗೆ ನಾನು ಒಂದು ಮಾತೂ ತಿಳಿಸಿಲ್ಲ ಅನ್ನುವುದು ನನ್ನ ಡೈರಿಯಲ್ಲೇ ಕಾಣುತ್ತಿತ್ತು. ಅದನ್ನು ಹಾಗೇ ಒಪ್ಪಿಕೊಂಡು ಬರೆದೆ. ಉಳಿದದ್ದಕ್ಕೆ ಒಂದೊಂದು ಪ್ಯಾರಾಕ್ಕೂ ಒಂದೊಂದು ದಾಖಲೆ.

ಈಗ ನಿನ್ನ ವಿಷಯ. ದುಡ್ಡಿನದು ನನಗೆ ಜಾಸ್ತಿ ಚಿಂತೆ. ಖರ್ಚಿಗೆ ಅಂತ ಕೊಟ್ಟದ್ದನ್ನು ಅವರು ಬರೆದುಕೊಡದೆ ಫೀಸಿಗೆ ಹಾಕಿಕೊಳ್ಳುವ ಹಾಗಿಲ್ಲ, ಅದು ನಮ್ಮ ನಡತೆಯ ನಿಯಮದಲ್ಲೇ ಇದೆ. ನೀನು ಎಲ್ಲಾ ಒಂದೇ ಲೆಕ್ಕದಲ್ಲಿ ಬರೆದುಕೊಳ್ಳುವವನು, ನನಗೆ ಗೊತ್ತು. ಉಳಿದ ಹಣ ಇದ್ದರೆ ಮೊದಲು ವಾಪಸ್ ಮಾಡು, ರಸೀದಿ ಇಟ್ಟುಕೋ.

ಫೈಲಿನ ವಿಷಯದಲ್ಲಂತೂ ನೀನು ತಪ್ಪೇ. ಫೀಸ್ ಬಾಕಿ ಇದೆ ಅಂತ ಫೈಲ್ ಹಿಡಿದಿಟ್ಟುಕೊಳ್ಳುವ ಹಕ್ಕು ವಕೀಲನಿಗಿಲ್ಲ ಅಂತ ಸುಪ್ರೀಂ ಕೋರ್ಟ್ 2000ದಲ್ಲೇ ಹೇಳಿದೆ, ಆರ್.ಡಿ. ಸಕ್ಸೇನಾ ಕೇಸಿನಲ್ಲಿ. ನಿನಗೊಂದು ನಕಲು ಇಟ್ಟುಕೊಂಡು ನಾಳೆಯೇ ಕಳಿಸು. ಬಾಕಿ ಫೀಸಿಗೆ ಬೇಕಾದರೆ ಬೇರೆ ದಾರಿ ನೋಡೋಣ.

ಇನ್ನೊಂದು, ಅವರ ಭಾವನ ಕಡೆಯಿಂದ ಹೇಳಿಸಿ ರಾಜಿ ಮಾಡಿಸುತ್ತೇನೆ ಅಂದೆಯಲ್ಲ? ಅದು ಬಿಡು. ಕೌನ್ಸಿಲ್ಲಿನ ಶಿಸ್ತು ಸಮಿತಿಗೆ ಹೋದ ವಿಚಾರಣೆ, ದೂರುದಾರ ವಾಪಸ್ ತೆಗೆದುಕೊಂಡರೂ ರಾಜಿಯಾದರೂ ಅಷ್ಟಕ್ಕೇ ನಿಲ್ಲುವುದಿಲ್ಲ. ಮೇಲಿಂದ, ಒತ್ತಡ ಹಾಕಿದರು ಅನ್ನುವ ಇನ್ನೊಂದು ಮಾತು.

ಸನ್ನದು (ವಕೀಲಿ ಮಾಡುವ ಪರವಾನಗಿ) ಹೋಗುತ್ತಾ ಅಂತ ಕೇಳಿದೆ. ಈಗ ಬಂದಿರುವುದು ನಿನ್ನ ಹೇಳಿಕೆ ಕೇಳುವ ನೋಟಿಸ್ ಅಷ್ಟೇ. ಹುರುಳಿದೆ ಅನ್ನಿಸಿದರೆ ಕೌನ್ಸಿಲ್ ಅದನ್ನು ಮೂವರ ಶಿಸ್ತು ಸಮಿತಿಗೆ ಕಳಿಸುತ್ತದೆ. ವಕೀಲರ ಕಾಯ್ದೆಯ 35ನೇ ಕಲಮಿನಲ್ಲಿ ದೂರು ವಜಾ ಮಾಡುವುದರಿಂದ ಹಿಡಿದು ಛೀಮಾರಿ, ಅಮಾನತು, ಕೊನೆಗೆ ಪಟ್ಟಿಯಿಂದ ಹೆಸರು ತೆಗೆಯುವವರೆಗೂ ಇದೆ. ಅಪೀಲಿಗೆ 60 ದಿನ. ಆದರೆ ಉತ್ತರವನ್ನೇ ಕೊಡದೆ ಕೂತರೆ ಅವರ ಕಥೆ ಮಾತ್ರ ದಾಖಲೆಯಲ್ಲಿ ಉಳಿಯುತ್ತೆ. ಟೈಮ್ ಸಾಲದಿದ್ದರೆ ಬರೆದು ಕೇಳು.

ಶನಿವಾರ ಬೆಳಗಿನ ಬಸ್ಸಿಗೆ ಬಾ. ನೋಟಿಸ್ ಬಂದ ಕವರನ್ನೂ ತಾ, ಅದರ ಮೇಲಿನ ತಾರೀಖು ಬೇಕು. ತನ್ನ ಬೆನ್ನು ತನಗೆ ಕಾಣುವುದಿಲ್ಲ ಅಲ್ವಾ, ಡ್ರಾಫ್ಟ್ ನಾನೇ ಮಾಡುತ್ತೇನೆ. ನೀನು ರಾತ್ರಿ ಬರೆದದ್ದನ್ನೂ ತಾ. ಸೀನಿಯರ್ ಕೊಟ್ಟ ಕೆಂಪು ಪೆನ್ನು ಇನ್ನೂ ಬರೆಯುತ್ತೆ.

ನಿನ್ನವ