ಉಗ್ರಾಣದ ಲೆಕ್ಕ

ಚಿ. ಸುಹಾಸನಿಗೆ ದೊಡ್ಡಪ್ಪನ ಆಶೀರ್ವಾದಗಳು.

ನಿನ್ನ ರಕ್ತಪರೀಕ್ಷೆಯ ವರದಿಯನ್ನು ನಿನ್ನ ಅಮ್ಮ ಮೊಬೈಲಿಗೆ ಕಳಿಸಿದ್ದಳು. ಎಲ್‌ಡಿಎಲ್, ಅಂದರೆ ರಕ್ತದ ಕೆಟ್ಟ ಕೊಲೆಸ್ಟರಾಲು, 214. ಮೂರು ತಿಂಗಳು ತುಪ್ಪ, ಮೊಟ್ಟೆ, ಕರಿದ ತಿಂಡಿ ಎಲ್ಲ ಬಿಟ್ಟರೂ 231ರಿಂದ ಇಷ್ಟೇ ಇಳಿಯಿತು ಎಂದು ನೀನು ನೊಂದುಕೊಂಡಿರುವೆಯಂತೆ. ಅದನ್ನು ಇಳಿಸಲು ವೈದ್ಯರು ಬರೆದ ಸ್ಟ್ಯಾಟಿನ್ ಮಾತ್ರೆಯನ್ನು 15 ದಿನ ನುಂಗಿ, ಯಾರೋ ಕಳಿಸಿದ ವಿಡಿಯೊ ನೋಡಿ ನಿಲ್ಲಿಸಿದೆಯಂತೆ. ಬೈಯಲು ಕುಳಿತಿಲ್ಲ, ಹೆದರಬೇಡ. 32 ವರ್ಷ ಜೀವರಸಾಯನಶಾಸ್ತ್ರ ಕಲಿಸಿದವನಿಗೆ ಬೈಗುಳಕ್ಕಿಂತ ಪಾಠವೇ ಸುಲಭ.

ಊರಿನ ಹಳೆಯ ಮನೆಯ ಉಗ್ರಾಣವನ್ನು ನೀನು ನೋಡಿಲ್ಲ. ನನ್ನ ಅಜ್ಜಿ ದಿನಾ ಬೆಳಗ್ಗೆ ಕಣಜದೊಳಗೆ ಕೈಯಿಳಿಸಿ ಅಕ್ಕಿ ಎಷ್ಟಿದೆ ಎಂದು ನೋಡುತ್ತಿದ್ದಳು. ತಳ ಕೈಗೆ ತಗುಲಿದರೆ ಒಂದೇ ಉಸಿರಿನಲ್ಲಿ ಎರಡು ಅಪ್ಪಣೆ: ಮನೆಯಲ್ಲಿ ಭತ್ತ ಕುಟ್ಟಿ, ಸಂತೆಗೂ ಆಳು ಕಳಿಸಿ. ನಿನ್ನ ಯಕೃತ್ತಿನ ಒಂದೊಂದು ಕೋಶದಲ್ಲೂ ಅಂಥ ಅಜ್ಜಿ ಇದ್ದಾಳೆ. ಕೋಶದೊಳಗಿನ ಪೊರೆಯಲ್ಲಿ ಸ್ಕ್ಯಾಪ್ ಎಂಬ ಪ್ರೋಟೀನು ಕೊಲೆಸ್ಟರಾಲನ್ನು ಅಳೆಯುತ್ತಾ ಕುಳಿತಿರುತ್ತದೆ. ಪೊರೆಯ ಕೊಬ್ಬಿನ 100 ಅಣುಗಳಲ್ಲಿ ಕೊಲೆಸ್ಟರಾಲು ಸುಮಾರು 5ಕ್ಕಿಂತ ಕೆಳಗಿಳಿದರೆ, ಅದು ತನ್ನ ಜೊತೆಗಿರುವ ಎಸ್‌ಆರ್‌ಇಬಿಪಿ-2 ಎಂಬ ಇನ್ನೊಂದು ಪ್ರೋಟೀನನ್ನು ಕೋಶದೊಳಗಿನ ಗಾಲ್ಗಿ ಎಂಬ ಭಾಗಕ್ಕೆ ಕರೆದೊಯ್ಯುತ್ತದೆ. ಅಲ್ಲಿ ಎರಡು ಕಿಣ್ವಗಳು ಒಂದಾದ ಮೇಲೊಂದು ಎಸ್‌ಆರ್‌ಇಬಿಪಿ-2 ಅನ್ನು ಕತ್ತರಿಸುತ್ತವೆ. ಬಿಡುಗಡೆಯಾದ ತುಂಡು ಕೋಶಕೇಂದ್ರಕ್ಕೆ ಹೋಗಿ ಜೀನುಗಳನ್ನು ಎಬ್ಬಿಸುತ್ತದೆ. ಕೊಲೆಸ್ಟರಾಲು ತಯಾರಿಸುವ ಕಿಣ್ವದ ಜೀನು ಒಂದು. ಅದು ಮನೆಯ ಒರಳು. ರಕ್ತದಿಂದ ಎಲ್‌ಡಿಎಲ್ ಹಿಡಿದು ತರುವ ಗ್ರಾಹಕದ ಜೀನು ಇನ್ನೊಂದು; ಅದು ಸಂತೆಯ ಆಳು. ದಾಸ್ತಾನು ತುಂಬಿದಾಗ ಸ್ಕ್ಯಾಪ್ ಕದಲುವುದಿಲ್ಲ, ಎರಡೂ ಕೆಲಸ ನಿಧಾನವಾಗುತ್ತವೆ. ಈ ಗ್ರಾಹಕವನ್ನು ಕಂಡುಹಿಡಿದ ಡಲ್ಲಾಸಿನ ಬ್ರೌನ್ ಮತ್ತು ಗೋಲ್ಡ್‌ಸ್ಟೀನ್‌ರಿಗೆ 1985ರಲ್ಲಿ ನೊಬೆಲ್ ಬಂತು. ಕೆಲಸ ಮುಗಿಯಿತೆಂದು ಅವರು ಕೈಕಟ್ಟಿ ಕೂರಲಿಲ್ಲ. ಜೀನುಗಳನ್ನು ಎಬ್ಬಿಸುವ ಈ ಕೀಲಿಕೈಯನ್ನು 1993ರಲ್ಲಿ ಅವರ ಪ್ರಯೋಗಾಲಯವೇ ಬಯಲಿಗೆ ತಂದಿತು.

ಈಗ ನಿನ್ನ ಪಥ್ಯದ ವಿಷಯ. ನೀನು ತಿನ್ನುವುದನ್ನು ಕಡಿಮೆ ಮಾಡಿದರೆ ಅಜ್ಜಿ ಒರಳಿಗೆ ಇನ್ನಷ್ಟು ಭತ್ತ ಸುರಿಸುತ್ತಾಳೆ. ಹಾಗೆಂದು ಪಥ್ಯ ವ್ಯರ್ಥವಲ್ಲ, ತುಪ್ಪದಂಥ ಗಟ್ಟಿ ಕೊಬ್ಬು ಹೆಚ್ಚಾದರೆ ಗ್ರಾಹಕಗಳೇ ಕಡಿಮೆಯಾಗುತ್ತವೆ. ಆದರೆ ನಿನ್ನ ತೊಂದರೆ ಊಟದ ಎಲೆಯಲ್ಲಿ ಶುರುವಾದದ್ದಲ್ಲ. ನಿನ್ನ ಅಪ್ಪನಿಗೆ 44ರಲ್ಲಿ ಹೃದಯಾಘಾತವಾದಾಗ ನಾನು ಅವನ ಸಿಗರೇಟನ್ನೂ ಸಿಟ್ಟನ್ನೂ ದೂರಿದೆ. ಪಾಠ ಹೇಳುವ ನನಗೇ ಮನೆಯ ರಕ್ತದ ಲೆಕ್ಕ ಹೊಳೆಯಲಿಲ್ಲ. ಸುಮಾರು 250 ಜನರಲ್ಲಿ ಒಬ್ಬರಿಗೆ ಹುಟ್ಟಿನಿಂದಲೇ ಎಲ್‌ಡಿಎಲ್ ಏರಿಸುವ ವಂಶದ ದೋಷ ಇರುತ್ತದೆ. ಹೆಚ್ಚಿನವರಲ್ಲಿ ಗ್ರಾಹಕದ ಎರಡು ಜೀನುಗಳಲ್ಲಿ ಒಂದು ಕೆಟ್ಟಿರುತ್ತದೆ, ಅರ್ಧ ಆಳುಗಳು ಸಂತೆಯಿಂದ ಬರಿಗೈಯಲ್ಲಿ ಬರುತ್ತಾರೆ. ನಿನ್ನ ವೈದ್ಯರಿಗೂ ಇದೇ ಅನುಮಾನ.

ಸ್ಟ್ಯಾಟಿನ್ ಮಾಡುವುದು ಇಷ್ಟು: ಒರಳಿಗೆ ಅಡ್ಡ ಕೂರುತ್ತದೆ. ಕಣಜ ಇಳಿಯುತ್ತದೆ, ಅಜ್ಜಿ ಗಾಬರಿಯಾಗಿ ಸಂತೆಗೆ ಇನ್ನಷ್ಟು ಆಳುಗಳನ್ನು ಅಟ್ಟುತ್ತಾಳೆ, ರಕ್ತದ ಎಲ್‌ಡಿಎಲ್ ಯಕೃತ್ತಿನೊಳಕ್ಕೆ ಬರುತ್ತದೆ. ನಿನ್ನಲ್ಲಿ ಒಳ್ಳೆಯದಾಗಿ ಉಳಿದಿರುವ ಜೀನಿನಿಂದಲೇ ಹೆಚ್ಚು ದುಡಿಸಿಕೊಳ್ಳುವ ಉಪಾಯ ಇದು. ವಿಡಿಯೊದಲ್ಲಿ 'ರಾಸಾಯನಿಕ ವಿಷ' ಎಂದು ಹೆದರಿಸಿದ್ದಾನಂತೆ. ಇದರ ಮೂಲ ಬೂಷ್ಟು ಕಣೋ! ಜಪಾನಿನ ಅಕಿರ ಎಂಡೊ 6,000ಕ್ಕೂ ಹೆಚ್ಚು ತಳಿಗಳನ್ನು ಜಾಲಾಡಿ, ಕ್ಯೋಟೊ ನಗರದ ಧಾನ್ಯದಂಗಡಿಯ ಅಕ್ಕಿಯಲ್ಲಿ ಸಿಕ್ಕ ಹಸಿರು ಬೂಷ್ಟಿನಿಂದ 1973ರಲ್ಲಿ ಮೊದಲ ಸ್ಟ್ಯಾಟಿನ್ ತೆಗೆದರು. ಬೂಷ್ಟಿನಿಂದ ಬಂದ ಮಾತ್ರಕ್ಕೆ ನಿರಪಾಯ ಎನ್ನಲಾರೆ. ಸ್ನಾಯು ನೋವು ಬಂದರೆ ವೈದ್ಯರಿಗೆ ಹೇಳು, ಅವರು ಪ್ರಮಾಣವನ್ನೋ ಮಾತ್ರೆಯನ್ನೋ ಬದಲಿಸುತ್ತಾರೆ. ನೀನಾಗಿಯೇ ನಿಲ್ಲಿಸಬೇಡ.

ನೀನಾಗಿಯೇ ಎರಡರಷ್ಟು ನುಂಗಲೂ ಬೇಡ. ಪ್ರಮಾಣ ದುಪ್ಪಟ್ಟಾದರೆ ಎಲ್‌ಡಿಎಲ್ ಇನ್ನು ಶೇ 6ರಷ್ಟು ಮಾತ್ರ ಇಳಿಯುತ್ತದೆ. ಇದಕ್ಕೊಂದು ಕಾರಣ, ಆಳುಗಳನ್ನು ಕಳಿಸುವ ಅದೇ ಎಸ್‌ಆರ್‌ಇಬಿಪಿ-2 ಆ ಆಳುಗಳನ್ನೇ ಮುಗಿಸುವ ಪಿಸಿಎಸ್‌ಕೆ9 ಎಂಬ ಪ್ರೋಟೀನಿನ ಜೀನನ್ನೂ ಎಬ್ಬಿಸುತ್ತದೆ. ಹುಟ್ಟಿನಿಂದಲೇ ಈ ಜೀನಿನ ಒಂದು ಪ್ರತಿ ಕೆಟ್ಟಿದ್ದ ಕಪ್ಪುವರ್ಣೀಯ ಅಮೆರಿಕನ್ನರಲ್ಲಿ ಎಲ್‌ಡಿಎಲ್ ಶೇ 28ರಷ್ಟು ಕಡಿಮೆಯಿತ್ತು, ಹೃದಯದ ರಕ್ತನಾಳದ ಕಾಯಿಲೆ ಶೇ 88ರಷ್ಟು ಕಡಿಮೆ. 2006ರಲ್ಲಿ ಇದನ್ನು ಓದಿದಾಗ ನಾನು ಎರಡು ಸಲ ಕನ್ನಡಕ ಒರೆಸಿಕೊಂಡೆ. ಹುಟ್ಟಿನಿಂದ ಕಡಿಮೆಯಿದ್ದದ್ದಕ್ಕೆ ಅಷ್ಟು ಫಲ. ನಿನಗೆ 31, ಹುಟ್ಟಿನಿಂದ ಹೆಚ್ಚಿದ್ದದ್ದನ್ನು ಇಳಿಸುವುದಕ್ಕೆ ನಾನು ಅವಸರಪಡುವುದು ಅದಕ್ಕೇ.

ರಕ್ತದ ಇನ್ನೊಂದು ಕೊಬ್ಬು ಟ್ರೈಗ್ಲಿಸರೈಡ್ 260 ಇದೆಯಲ್ಲ, ಅದು ಬೇರೆ ಕಥೆ. ಅಲ್ಲಿ ಆಡಳಿತ ಎಸ್‌ಆರ್‌ಇಬಿಪಿ-2ರ ಸೋದರ ಪ್ರೋಟೀನು ಎಸ್‌ಆರ್‌ಇಬಿಪಿ-1ಸಿಯದು, ಅದನ್ನು ಎಬ್ಬಿಸುವುದು ಇನ್ಸುಲಿನ್. ರಾತ್ರಿ 11ಕ್ಕೆ ತಟ್ಟೆ ತುಂಬ ಅನ್ನ, ಮೇಲೆ ಹಣ್ಣಿನ ರಸ ಎಂದರೆ ಯಕೃತ್ತು ಸಕ್ಕರೆಯನ್ನು ಕೊಬ್ಬು ಮಾಡದೆ ಇನ್ನೇನು ಮಾಡೀತು? ಇಲ್ಲಿ ನಿನ್ನ ಪಥ್ಯ ನಿಜಕ್ಕೂ ಫಲ ಕೊಡುತ್ತದೆ. ತುಪ್ಪ ಬಿಟ್ಟವನು ಆ ರಸವನ್ನೂ ಬಿಡು.

ನಾಳೆಯೇ ವೈದ್ಯರಿಗೆ ಫೋನು ಮಾಡಿ, ನಿಲ್ಲಿಸಿದ್ದನ್ನು ಮುಚ್ಚಿಡದೆ ಹೇಳು. ನಿನ್ನ ತಂಗಿಗೂ ಪರೀಕ್ಷೆ ಮಾಡಿಸು. ತೆಳ್ಳಗಿದ್ದೇನೆ, ನನಗೇಕೆ ಎನ್ನುತ್ತಾಳೆ, ಕೇಳಬೇಡ. ಅಪ್ಪನ ಜೀನು ಸೊಂಟದ ಅಳತೆ ನೋಡಿ ಬರುವುದಿಲ್ಲ. ಯುಗಾದಿಗೆ ಬರುವಾಗ ಇಬ್ಬರ ವರದಿಯನ್ನೂ ತಾ. ಒಬ್ಬಟ್ಟಿಗೆ ತುಪ್ಪ ಒಂದೇ ಚಮಚ ಎಂದು ನಿನ್ನ ದೊಡ್ಡಮ್ಮ ಈಗಲೇ ತೀರ್ಮಾನಿಸಿದ್ದಾಳೆ, ನನಗೂ ಸೇರಿಸಿ.

ಇಂತಿ,
ನಿನ್ನ ದೊಡ್ಡಪ್ಪ