ಚಾರ್ಮಾಡಿ ಹತ್ತಿದ ಪದ್ಮಿನಿ, ಹತ್ತಿಸಿದ ಜನ

ಮೊನ್ನೆ ಭಾನುವಾರ ಮಧ್ಯಾಹ್ನ ಎರಡು ಗಂಟೆ. ಉರಿಬಿಸಿಲು. ನಮ್ಮ 1982ರ ಪ್ರೀಮಿಯರ್ ಪದ್ಮಿನಿ ಕಾರು ಚಾರ್ಮಾಡಿ ಘಾಟಿ ಹತ್ತಿತು, ಎಲ್ಲೂ ನಿಲ್ಲದೆ. ಒಳಗೆ ನಾನು, ಅಪ್ಪ, ಅಮ್ಮ, ನನ್ನ ಹೆಂಡತಿ, ಡಿಕ್ಕಿಯಲ್ಲಿ ಎರಡು ಬ್ಯಾಗು. ಕೊಟ್ಟಿಗೆಹಾರದಲ್ಲಿ ನಿಲ್ಲಿಸಿ ನೀರುದೋಸೆ ತಿಂದು, ಕೈ ತೊಳೆದು ಬಂದು ಬಾನೆಟ್ ಮೇಲೆ ಕೈ ಇಟ್ಟೆ. ಸ್ವಲ್ಪ ಹೊತ್ತು ಮಾತೇ ಹೊರಡಲಿಲ್ಲ. ಮನೆಗೆ ಬಂದು ಎರಡು ದಿನ ಆಯಿತು, ಯಾರ್‍ಯಾರಿಗೆ ಏನೇನು ಹೇಳಬೇಕು ಅಂತ ಯೋಚನೆ ಮಾಡಿ ಇವತ್ತು ಬರೆಯಲು ಕೂತಿದ್ದೇನೆ.

ಘಾಟಿಯಲ್ಲಿ ಹಳೇ ಫಿಯಟ್, ಅಂದರೆ ಈ ಪದ್ಮಿನಿ, ಓಡಿಸಿದವರಿಗೆ ಇದು ಎಷ್ಟು ದೊಡ್ಡ ಮಾತು ಅಂತ ಗೊತ್ತಿರುತ್ತದೆ. ಅಪ್ಪ ಈ ಗಾಡಿ ತಗೊಂಡದ್ದು 1991ರಲ್ಲಿ, ಸೆಕೆಂಡ್ ಹ್ಯಾಂಡ್. ಆಗ ಹಾಸನದಿಂದ ಧರ್ಮಸ್ಥಳಕ್ಕೆ ಹೋಗಿ ಬರುವಾಗ, ಘಾಟಿ ಹತ್ತುತ್ತಾ ಅರ್ಧ ದಾರಿಯಲ್ಲಿ ಇಂಜಿನ್ ಕೆಮ್ಮಿ ಕೆಮ್ಮಿ ನಿಂತುಬಿಡುತ್ತಿತ್ತು. ಇಂಜಿನ್ ಶಾಖಕ್ಕೆ ಪೆಟ್ರೋಲ್ ಪಂಪ್ ಕಾದು, ಪೈಪಿನೊಳಗೆ ಪೆಟ್ರೋಲ್ ಆವಿಯಾಗಿ, ಕಾರ್ಬೊರೇಟರಿಗೆ ಹನಿಯೂ ಹೋಗುತ್ತಿರಲಿಲ್ಲ. ಅಪ್ಪ ಇಳಿದು ಝರಿಯ ನೀರಲ್ಲಿ ಬಟ್ಟೆ ಅದ್ದಿ ಪಂಪಿಗೆ ಸುತ್ತುತ್ತಿದ್ದರು. ಅಮ್ಮ ನಮ್ಮನ್ನು ರಸ್ತೆ ಕಡೆಗೆ ಬಿಡದೆ ಗಟ್ಟಿಯಾಗಿ ಹಿಡಿದುಕೊಂಡು ನಿಂತಿರುತ್ತಿದ್ದಳು. ಅರ್ಧ ಗಂಟೆ ಕಾದು ಮತ್ತೆ ಸೆಲ್ಫ್ ಹೊಡೆಯಬೇಕು. ನನ್ನ ಬಾಲ್ಯದ ಚಾರ್ಮಾಡಿ ಅಂದರೆ ಆ ಒದ್ದೆ ಬಟ್ಟೆಯ ಪೆಟ್ರೋಲ್ ವಾಸನೆ.

ಮೊದಲ ಧನ್ಯವಾದ ಒಬ್ಬ ಹಾಲಿನ ಟೆಂಪೋ ಡ್ರೈವರಿಗೆ. 2023ರ ಮಳೆಗಾಲದ ಒಂದು ರಾತ್ರಿ ಬೇಲೂರು ರಸ್ತೆಯಲ್ಲಿ ಲೈಟು, ವೈಪರ್ ಎರಡೂ ಹಾಕಿಕೊಂಡು ಬರುತ್ತಿದ್ದೆ. ಡ್ಯಾಶ್‌ಬೋರ್ಡ್ ಕೆಳಗಿಂದ ಹೊಗೆ ಬಂತು. ಹಿಂದೆ ಬರುತ್ತಿದ್ದ ಅವರು ಟೆಂಪೋ ನಿಲ್ಲಿಸಿ, ಸ್ಪ್ಯಾನರ್ ಹಿಡಿದು ಓಡಿ ಬಂದು, ನಾನು ಇನ್ನೂ ಬಾಗಿಲು ತೆಗೆಯುವಷ್ಟರಲ್ಲಿ ಬ್ಯಾಟರಿಯ ವೈರ್ ಕಿತ್ತು ಬಿಸಾಕಿದ್ದರು. ಇನ್ನೆರಡು ನಿಮಿಷ ಆಗಿದ್ದರೆ ಗಾಡಿ ಇರುತ್ತಿರಲಿಲ್ಲ. ಅವರ ಹೆಸರು ಕೇಳಲಿಲ್ಲ, ಆ ಗಾಬರಿಯಲ್ಲಿ ಹೊಳೆಯಲೇ ಇಲ್ಲ. ಅಣ್ಣ, ನೀವು ಯಾರೇ ಆಗಿರಿ, ಆ ಗಾಡಿ ಇವತ್ತು ಓಡ್ತಾ ಇದೆ.

ಅದಾದ ಮೇಲೆ ಒಂದು ಕೆಟ್ಟ ಕಾಲ ಬಂತು. ಒಂದು ಗ್ಯಾರೇಜಿನವರು 25,000 ಅಡ್ವಾನ್ಸ್ ತಗೊಂಡು, ಇವತ್ತು ನಾಳೆ ಅಂತ ನಾಲ್ಕು ತಿಂಗಳು ಗಾಡಿಯನ್ನು ಮಳೆಯಲ್ಲಿ ನಿಲ್ಲಿಸಿಕೊಂಡರು. ಫ್ಲೋರ್ ತೂತಾಯಿತು. ದುಡ್ಡೂ ವಾಪಸ್ ಬರಲಿಲ್ಲ. ಗುಜರಿಗೆ ಕೊಟ್ಟುಬಿಡು ಅಂತ ನೆಂಟರೆಲ್ಲ ಹೇಳಿದರು. ಅಪ್ಪ ಮಾತ್ರ ಏನೂ ಹೇಳಲಿಲ್ಲ, ಕೀ ಬಂಚನ್ನು ದೇವರ ಮನೆಯ ಮೊಳೆಗೆ ತಗುಲಿಹಾಕಿದರು.

ಆಗ ಸಿಕ್ಕಿದ್ದು ಹಾಸನದ ನಮ್ಮ ಮೆಕ್ಯಾನಿಕ್ ಅಣ್ಣ. ನನ್ನ ಹತ್ತಿರ 80,000 ಇದೆ, ಒಂದೂವರೆ ವರ್ಷ ಆದರೂ ಪರವಾಗಿಲ್ಲ, ಹೊಸ ಕಾಲದ ಸಾಮಾನು ಹಾಕಿ ದಿನಾ ಓಡಿಸೋ ಹಾಗೆ ಮಾಡಿಕೊಡಿ ಅಂದೆ. ನನ್ನ ಪಟ್ಟಿಯಲ್ಲಿ ಎ.ಸಿ., ಅಲಾಯ್ ವೀಲ್, ಮುಂದೆ ಡಿಸ್ಕ್ ಬ್ರೇಕ್ ಎಲ್ಲಾ ಇತ್ತು. ಅವರು ಪಟ್ಟಿ ಓದಿ, ಮಡಚಿ, ನನ್ನ ಜೇಬಿಗೇ ವಾಪಸ್ ಇಟ್ಟರು. "ಮೇಷ್ಟ್ರೇ, ಮೊದಲು ನಿಲ್ಲೋದು ನೋಡೋಣ. ಆಮೇಲೆ ಸುಡದೇ ಇರೋದು. ಓಡೋದು ಕೊನೆಗೆ." ನನ್ನ ದುಡ್ಡು ಉಳಿದದ್ದು ಅವರು ಹಾಕಿದ ಸಾಮಾನಿಂದ ಅಷ್ಟೇ ಅಲ್ಲ, ಬೇಡ ಅಂದ ಸಾಮಾನಿಂದ. 1089 ಸಿ.ಸಿ. ಇಂಜಿನ್ನಿಗೆ ಎ.ಸಿ. ಕಟ್ಟಿದರೆ ಘಾಟಿಯಲ್ಲಿ ಅದರ ಭಾರವನ್ನೂ ಎಳೆಯಬೇಕು, ಅಲ್ವಾ? ಡಿಸ್ಕ್ ಬ್ರೇಕಿಗೆ ಬೇರೆ ಗಾಡಿಯ ಸಾಮಾನು ತಂದು ಕತ್ತರಿಸಿ ವೆಲ್ಡ್ ಮಾಡಬೇಕಾಗುತ್ತೆ, ಆ ವೆಲ್ಡಿಂಗ್ ನಂಬಿ ನಿಮ್ಮ ಅಪ್ಪಾಜಿನ ಕೂರಿಸ್ತೀರಾ ಅಂತ ಕೇಳಿದರು. ಉತ್ತರ ಇರಲಿಲ್ಲ.

ಬ್ರೇಕ್ ಬಿಚ್ಚಿದ ದಿನ ಒಂದು ರಬ್ಬರ್ ಹೋಸನ್ನು ಬ್ಲೇಡಿನಿಂದ ಉದ್ದಕ್ಕೆ ಸೀಳಿ ನನ್ನ ಅಂಗೈಗೆ ಇಟ್ಟರು. ಹೊರಗೆ ನೋಡಿದರೆ ಚೆನ್ನಾಗಿದೆ. ಒಳಗೆ ಊದಿಕೊಂಡು, ಸೂಜಿ ತೂರುವಷ್ಟು ಮಾತ್ರ ದಾರಿ. ಪೆಡಲ್ ಜೋರಾಗಿ ಒತ್ತಿದಾಗ ಆಯಿಲ್ ಹೋಗುತ್ತೆ, ಬಿಟ್ಟಾಗ ಬೇಗ ವಾಪಸ್ ಬರಲ್ಲ, ಹಾಗಾಗಿ ಒಂದು ಚಕ್ರ ಹಿಡಿದುಕೊಂಡೇ ಇರುತ್ತೆ. ವರ್ಷಗಟ್ಟಲೆ ಗಾಡಿ ಎಡಕ್ಕೆ ಎಳೆಯುತ್ತಿದ್ದದ್ದು ಇದಕ್ಕೇ. ನಾನು ಪ್ರತಿ ಸಲ ವೀಲ್ ಅಲೈನ್‌ಮೆಂಟ್ ಮಾಡಿಸಿ ಸುಮ್ನೆ ದುಡ್ಡು ಕೊಟ್ಟು ಬರುತ್ತಿದ್ದೆ. ಹೊಸ ಹೋಸು, ಹೊಸ ವೀಲ್ ಸಿಲಿಂಡರ್, ಹೊಸ ಶೂ, ಡ್ರಮ್ಮಿಗೆ ಲೇತಿನಲ್ಲಿ ಸಣ್ಣ ಕಟಿಂಗ್, ಹೊಸ ಆಯಿಲ್. ಒಟ್ಟು 11,000 ಆಯಿತು. ನಾಲ್ಕೂ ಚಕ್ರಕ್ಕೆ ಹಳೇ ಕಾಲದ ಡ್ರಮ್ ಬ್ರೇಕೇ ಇದೆ, ಈಗ ನೆಟ್ಟಗೆ ನಿಲ್ಲುತ್ತದೆ.

ವೈರಿಂಗ್ ಮಾಡಿದ್ದು ನನ್ನ ಹಳೇ ವಿದ್ಯಾರ್ಥಿ. ಹತ್ತನೇ ಕ್ಲಾಸಿನಲ್ಲಿ ಗಣಿತಕ್ಕೆ ನನ್ನ ಹತ್ತಿರ ಬೈಸಿಕೊಂಡಿದ್ದ ಹುಡುಗ, ಐಟಿಐ ಮುಗಿಸಿ ಆಟೋ ಎಲೆಕ್ಟ್ರಿಷಿಯನ್ ಆಗಿದ್ದಾನೆ. ಅವನೇ ಈ ಸಲ ನನಗೆ ಪಾಠ ಮಾಡಿದ. 60 ವ್ಯಾಟಿನ ಎರಡು ಹ್ಯಾಲೋಜೆನ್ ಬಲ್ಬ್ ಹೈ ಬೀಮಿನಲ್ಲಿ ಉರಿದರೆ 12 ವೋಲ್ಟಿಗೆ ಹತ್ತು ಆಂಪಿಯರ್ ಆಯಿತು ಸಾರ್, ಅಷ್ಟೂ ಕರೆಂಟು ನಲವತ್ತು ವರ್ಷದ ಸ್ವಿಚ್ಚಿನೊಳಗೆ ಹೋಗ್ತಾ ಇತ್ತು, ಸುಡದೆ ಇನ್ನೇನಾಗುತ್ತೆ ಅಂದ. ಸ್ವಿಚ್ಚಿಗೆ ಭಾರ ಬೀಳದ ಹಾಗೆ ರಿಲೇ ಹಾಕಿದ, ದಪ್ಪ ವೈರ್ ಎಳೆದ, ಒಂದೊಂದಕ್ಕೂ ಬೇರೆ ಫ್ಯೂಸ್ ಕೊಟ್ಟ. ಪ್ರತಿ ವೈರಿನ ತುದಿಗೂ ಚಿಕ್ಕ ಬಿಳಿ ಟೇಪ್ ಸುತ್ತಿ ಪೆನ್ನಿನಲ್ಲಿ ಬರೆದಿದ್ದಾನೆ: ಬಲ ದೀಪ, ಎಡ ದೀಪ, ಹಾರನ್, ಒರೆಸೋದು. ಆ ಅಕ್ಷರ ನನಗೆ ಚೆನ್ನಾಗಿ ಗೊತ್ತು, ಎಷ್ಟು ಪರೀಕ್ಷೆಯಲ್ಲಿ ತಿದ್ದಿದ್ದೇನೆ. ಇಷ್ಟೆಲ್ಲ ಮಾಡಿಯೂ ಡ್ಯಾಶ್‌ಬೋರ್ಡ್ ಅಪ್ಪ ನೋಡಿದ ಹಾಗೇ ಇದೆ, ಹೊಸದೆಲ್ಲ ಒಳಗೆ ಅಡಗಿದೆ. ನಿನಗೆ ತುಂಬಾ ಥ್ಯಾಂಕ್ಸ್ ಕಣೋ.

ಇನ್ನೊಂದು ಸಮಸ್ಯೆ ಬ್ಯಾಟರಿ ಚಾರ್ಜ್ ಮಾಡುವ ಡೈನಮೋ. ಗಾಡಿ ನಿಂತಲ್ಲೇ ಇದ್ದರೆ ಅದು ಚಾರ್ಜೇ ಮಾಡುತ್ತಿರಲಿಲ್ಲ, ಸಿಗ್ನಲ್ಲಿನಲ್ಲಿ ಲೈಟು ಮಂಕಾಗುತ್ತಿತ್ತು. ರೇಡಿಯೇಟರ್ ತಂಪು ಮಾಡುವ ಕರೆಂಟ್ ಫ್ಯಾನ್ ಹಾಕಬೇಕು ಅಂದರೆ ಮೊದಲು ಡೈನಮೋ ಬದಲಿಗೆ, ನಿಂತಲ್ಲೂ ಚಾರ್ಜ್ ಮಾಡುವ ಆಲ್ಟರ್ನೇಟರ್ ಬೇಕು. ಎರಡಕ್ಕೂ ಮಾರುತಿ 800ರದ್ದು ಸಾಕು ಅಂತ ಅಣ್ಣ ಹೇಳಿದರು. ಬೆಂಗಳೂರಿಗೆ ಹೋಗಿ ಜೆ.ಸಿ. ರಸ್ತೆಯಲ್ಲಿ ಹೊಸದರ ರೇಟ್ ಕೇಳಿ, ಅಲ್ಲಿಂದ ಶಿವಾಜಿನಗರದ ಗುಜರಿಗೆ ನಡೆದೆ. ಅಲ್ಲಿಯ ಒಬ್ಬ ಚಾಚಾ ಆಲ್ಟರ್ನೇಟರನ್ನು ಕೈಯಲ್ಲಿ ತಿರುಗಿಸಿ ಬೇರಿಂಗ್ ಸದ್ದು ಕೇಳಿಸಿ, ಫ್ಯಾನನ್ನು ಬ್ಯಾಟರಿಗೆ ಕೊಟ್ಟು ತಿರುಗಿಸಿ ತೋರಿಸಿ, ಎರಡಕ್ಕೂ ಸೇರಿ 3,500 ತಗೊಂಡರು. ಸೀಟ್ ಬೆಲ್ಟೂ ಇದೆಯಾ ಅಂತ ಕೇಳಿದೆ. ಅಂಗಡಿ ತುಂಬಾ ನೇತಾಡುತ್ತಿತ್ತು. "ಬೆಲ್ಟ್ ಮಾತ್ರ ಇಲ್ಲಿ ತಗೋಬೇಡಿ ಸಾರ್. ಯಾವುದು ಆಕ್ಸಿಡೆಂಟ್ ಆದ ಗಾಡಿಯದ್ದೋ ಗೊತ್ತಾಗಲ್ಲ. ಒಂದ್ಸಲ ಏಟು ತಡೆದ ಬೆಲ್ಟು ಇನ್ನೊಂದ್ಸಲ ತಡೆಯಲ್ಲ." ತನ್ನ ವ್ಯಾಪಾರ ಬಿಟ್ಟು ಹೀಗೆ ಹೇಳುವವರು ಎಷ್ಟು ಜನ ಸಿಗುತ್ತಾರೆ? ಚಾಚಾ, ನಾನು ಹೊಸ ಬೆಲ್ಟೇ ತಗೊಂಡೆ. ಮೊನ್ನೆ ಅಪ್ಪ ಅದನ್ನು ಹಾಕಿಕೊಂಡೇ ಕೂತಿದ್ದರು.

ಆಲ್ಟರ್ನೇಟರ್ ಕೂರಿಸಲು ಬ್ರಾಕೆಟ್ ಮಾಡಿದ್ದು ಲೇತ್ ಯಜಮಾನರು. ಮೊದಲು ಬಿಸ್ಕತ್ ಡಬ್ಬದ ರಟ್ಟಿನಲ್ಲಿ ಅಳತೆ ಕತ್ತರಿಸಿಕೊಂಡು, ಆಮೇಲೆ ಕಬ್ಬಿಣದ ಪ್ಲೇಟಿನಲ್ಲಿ ಮಾಡಿದರು. ಬೆಲ್ಟು ಕಿರ್ ಅಂತ ಕೂಗಿತು, ಮೂರು ಮಿಲಿಮೀಟರ್ ಓರೆ. ಅವರಾಗಿಯೇ ಬಿಚ್ಚಿ ಇನ್ನೊಂದು ಮಾಡಿದರು. ಕೊಟ್ಟದ್ದು 600, ಎರಡನೇದಕ್ಕೆ ದುಡ್ಡು ಮುಟ್ಟಲಿಲ್ಲ. ಈಗ ಗಾಡಿ ನಿಂತಲ್ಲೇ 14 ವೋಲ್ಟ್ ತೋರಿಸುತ್ತದೆ.

ಪದ್ಮಿನಿ ಮಾಡಿದ ಕುರ್ಲಾದ ಫ್ಯಾಕ್ಟರಿ ಗಾಡಿ ಮಾಡುವುದನ್ನು ನಿಲ್ಲಿಸಿ ಎರಡು ದಶಕ ದಾಟಿದೆ. ಮುಂಬೈಯ ಕೊನೆಯ ಪದ್ಮಿನಿ ಟ್ಯಾಕ್ಸಿ 2023ರ ಅಕ್ಟೋಬರ್‌ನಲ್ಲಿ ರಸ್ತೆಯಿಂದ ಇಳಿಯಿತು. ಹಾಗಾಗಿ ಬಿಚ್ಚಿದ ಯಾವ ಹಳೇ ಸಾಮಾನನ್ನೂ ಬಿಸಾಡಬೇಡಿ ಅಂತ ಈ ದಾರಿಯಲ್ಲಿ ಇರುವವರಿಗೆ ಹೇಳುತ್ತೇನೆ. ಈಗ ಸ್ಪಾರ್ಕಿಗೆ ಕರೆಂಟ್ ಕಡಿದು ಕೊಡುತ್ತಿದ್ದ ಪಾಯಿಂಟ್ ಜಾಗದಲ್ಲಿ ಎಲೆಕ್ಟ್ರಾನಿಕ್ ಇಗ್ನಿಷನ್ ಇದೆ, ಅಪ್ಪ ಪಾಯಿಂಟ್ ಉಜ್ಜಲು ಇಟ್ಟುಕೊಂಡಿದ್ದ ಉಪ್ಪು ಕಾಗದಕ್ಕೆ ಕೆಲಸವಿಲ್ಲ. ಆದರೂ ಹಳೇ ಪಾಯಿಂಟು, ಕಂಡೆನ್ಸರ್ ಡಿಕ್ಕಿಯಲ್ಲೇ ಇವೆ. ಹೊಸದು ದಾರಿಯಲ್ಲಿ ಕೈಕೊಟ್ಟರೆ ಹಳೇದನ್ನು ಹಾಕಿಕೊಂಡು ಮನೆಗೆ ಬರಬಹುದು. ಇನ್ನೊಂದು ವಿಷಯ, ಈಗ ಬಂಕಿನಲ್ಲಿ ಸಿಗುವುದು ಶೇ. 20 ಎಥನಾಲ್ ಸೇರಿದ ಪೆಟ್ರೋಲ್. ಹಳೇ ರಬ್ಬರ್ ಅದಕ್ಕೆ ತಡೆಯಲ್ಲ, ಮೆತ್ತಗಾಗಿ ಬಿರಿಯುತ್ತದೆ. ಅದನ್ನು ತಡೆಯುವ ಹೋಸ್ ಪೈಪಿಗೆ ಸಾವಿರ ರೂಪಾಯಿಯೂ ಆಗಲಿಲ್ಲ. ಬೇರೆ ಏನು ಮಾಡಿಸದಿದ್ದರೂ ಇದೊಂದು ಮಾಡಿಸಿ. ಅಣ್ಣ ಆ ಪೈಪನ್ನು ಸೈಲೆನ್ಸರ್ ಪೈಪಿನಿಂದ ದೂರ ತಿರುಗಿಸಿ, ಪಂಪಿನ ಪಕ್ಕ ಒಂದು ಅಲ್ಯೂಮಿನಿಯಂ ತಗಡು ಅಡ್ಡ ಕೊಟ್ಟಿದ್ದಾರೆ.

ಡೀಸೆಲ್ ಇಂಜಿನ್ ಕೂರಿಸಿಬಿಡು ಅಂದವರೂ ಇದ್ದರು. ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ಪ್ರಕಾರ ಆರ್.ಟಿ.ಓ. ಒಪ್ಪಿಗೆ ಇಲ್ಲದೆ ಅದೆಲ್ಲ ಮಾಡೋ ಹಾಗಿಲ್ಲ. ನಮ್ಮ ಇಂಜಿನ್ ನಂಬರ್, ಚಾಸಿ ನಂಬರ್ ಎರಡೂ ಆರ್.ಸಿ.ಯಲ್ಲಿ ಇದ್ದ ಹಾಗೇ ಇವೆ. ರಿನ್ಯೂವಲ್‌ಗೆ ಹೋದಾಗ ಇನ್ಸ್‌ಪೆಕ್ಟರ್ ಎರಡನ್ನೂ ನೋಡಿ, ಬ್ರೇಕ್ ಒತ್ತಿಸಿ, ಲೈಟ್ ಹಾಕಿಸಿ, ಸಹಿ ಮಾಡಿದರು. ಅವರಿಗೂ ಧನ್ಯವಾದ.

ನನ್ನ ಹೆಂಡತಿಗೆ ಏನು ಹೇಳಲಿ? ಒಂದೂವರೆ ವರ್ಷ ಪ್ರತಿ ಭಾನುವಾರ ನಾನು ಗ್ಯಾರೇಜಿನಲ್ಲಿ. ಫ್ಲೋರ್ ಟಿಂಕರಿಂಗಿಗೆ 14,000 ಅಂದಾಗ ಕೈ ಖಾಲಿ ಇತ್ತು. ಅವಳು ಚೀಟಿ ದುಡ್ಡು ತಂದು ಮೇಜಿನ ಮೇಲಿಟ್ಟಳು, "ಅತ್ತೆ ಕಾಲಿಡೋ ಜಾಗ, ಗಟ್ಟಿ ಮಾಡಿಸಿ" ಅಂದಳು.

ಮೊನ್ನೆ ಇಳಿಯುವಾಗ ಅಣ್ಣಪ್ಪ ಸ್ವಾಮಿ ಗುಡಿ ಹತ್ತಿರ ನಿಲ್ಲಿಸಿ ಕೈಮುಗಿದೆವು. ಸೆಕೆಂಡ್ ಗೇರಿನಲ್ಲೇ ಇಳಿಸಿದೆ, ಬ್ರೇಕ್ ಕಾಯಲಿಲ್ಲ. ವಾಪಸ್ ಹತ್ತುವಾಗ ನೋಡಿದರೆ ಅಪ್ಪನ ತೊಡೆಯ ಮೇಲೆ ಒಂದು ನೀರಿನ ಬಾಟ್ಲಿ, ಒಂದು ಹಳೇ ಟವಲ್. ಮನೆಯಿಂದಲೇ ತಂದಿದ್ದರು, ನನಗೆ ಹೇಳಿರಲಿಲ್ಲ. ತಿರುವುಗಳಲ್ಲಿ ಲಾರಿ ಹಿಂದೆ ನಿಧಾನಕ್ಕೆ ಹತ್ತುತ್ತಿದ್ದೆವು. ಟೆಂಪರೇಚರ್ ಮುಳ್ಳು ಅರ್ಧಕ್ಕಿಂತ ಸ್ವಲ್ಪ ಮೇಲೆ ಹೋಯಿತು. ಅಪ್ಪ ಬಾಟ್ಲಿಯ ಮುಚ್ಚಳಕ್ಕೆ ಕೈ ಹಾಕಿದರು. ಅಷ್ಟರಲ್ಲಿ ಮುಂದೆ ಫ್ಯಾನ್ ಬುರ್ ಅಂತ ತಿರುಗಿತು. ಮುಳ್ಳು ನಿಂತಿತು, ಆಮೇಲೆ ಮೆಲ್ಲಗೆ ಇಳಿಯಿತು. ಹೀಗೆ ನಾಲ್ಕು ಸಲ ಆಯಿತು. ಐದನೇ ಸಲ ಅಪ್ಪ ಮುಳ್ಳು ನೋಡಲಿಲ್ಲ, ಕಿಟಕಿಯಿಂದ ಕಣಿವೆ ನೋಡುತ್ತಿದ್ದರು. ಕೊಟ್ಟಿಗೆಹಾರದಲ್ಲಿ ಇಳಿದು ಆ ಒಣ ಟವಲಿನಲ್ಲಿ ಮುಖ ಒರೆಸಿಕೊಂಡು, "ನಿನ್ನ ಮೆಕ್ಯಾನಿಕ್ ಮನೆಗೆ ಪ್ರಸಾದ ತಗೊಂಡಿದೀಯಾ?" ಅಂತ ಕೇಳಿದರು.

ತಗೊಂಡಿದ್ದೇನೆ. ಅಣ್ಣ, ಲೇತ್ ಯಜಮಾನರದ್ದೂ ನನ್ನ ಹುಡುಗನದ್ದೂ ಸೇರಿಸಿ ಮೂರು ಪೊಟ್ಟಣ ಇವೆ. ಶನಿವಾರ ಸಂಜೆ ಸ್ಕೂಲ್ ಮುಗಿಸಿ ಗಾಡಿಯಲ್ಲೇ ಬರುತ್ತೇನೆ, ಅಪ್ಪನೂ ಬರುತ್ತಾರಂತೆ. ಹಿಂದಿನ ಎಡ ಬಾಗಿಲಿನ ಗಾಜು ಅರ್ಧಕ್ಕೇ ನಿಲ್ಲುತ್ತಿದೆ, ಅದನ್ನೂ ಸ್ವಲ್ಪ ನೋಡಿಬಿಡಿ.